ಟೂ-ವೀಲ್ ಡ್ರೈವ್ ಸ್ಕಾರ್ಪಿಯೋ, ವರ್ಷವಿಡೀ ಒಂದೇ ಸೆಟ್ ಟಯರ್: ಮಲೆನಾಡಿನಲ್ಲಿ ಇದು ನಡೆಯುತ್ತದೆ

ಹಿಂದಿನ ಚಕ್ರ ಮಾತ್ರ ತಳ್ಳುವ ಗಾಡಿಗೆ ಮಲೆನಾಡಿನ ಮಳೆಗಾಲದಲ್ಲಿ ಎಚ್‌ಟಿ (ಟಾರು ರಸ್ತೆಗೆ ಮಾಡಿದ) ಟಯರ್ ಸಾಲದು, ಎಟಿ (ಟಾರು, ಮಣ್ಣು ಎರಡಕ್ಕೂ ಆಗುವಂಥದ್ದು) ಬೇಕೇ ಬೇಕು, ತೋಟದ ದಾರಿ ಇದ್ದರೆ ಎಂಟಿಯೇ (ಕೆಸರಿಗೇ ಮಾಡಿದ್ದು) ಆಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಟಯರ್ ಅಂಗಡಿಯಿಂದ ಹಿಡಿದು ಬಾಡಿಗೆ ಜೀಪಿನವರವರೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ನನ್ನ ಸ್ಕಾರ್ಪಿಯೋ (ಟಯರಿನ ಅಳತೆ 235/65 ಆರ್17, ಫೋರ್ ಬೈ ಫೋರ್ ಅಲ್ಲ) ಒಂದೇ ಎಚ್‌ಟಿ ಸೆಟ್ಟಿನಲ್ಲಿ ಮೂರನೇ ಮಳೆಗಾಲ ಮುಗಿಸಿದೆ. ನಲವತ್ತು ಸಾವಿರ ಕಿ.ಮೀ. ಓಡಿದ ಮೇಲೂ ಟಯರಿನ ನಡುವಿನ ಸಂದಿನಲ್ಲಿ ನಾಲ್ಕು ಮಿ.ಮೀ. ಹತ್ತಿರ ಆಳ ಉಳಿದಿದೆ. ಹೊಸದಿದ್ದಾಗ ಎಂಟೂವರೆ ಇತ್ತು. ಆಗ ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಮೂವರು ಈಗ ಇದೇ ಕ್ರಮಕ್ಕೆ ಬಂದಿದ್ದಾರೆ.

ಇದರ ಹಿಂದಿನ ಲೆಕ್ಕ ಇಷ್ಟೇ: ಗಾಡಿ ಓಡುವ ನೂರು ಕಿಲೋಮೀಟರಿನಲ್ಲಿ ನಿಜವಾದ ಕೆಸರು ಎರಡೋ ಮೂರೋ. ಉಳಿದದ್ದೆಲ್ಲ ಒದ್ದೆ ಟಾರು, ಘಾಟಿ ತಿರುವು, ಬೆಂಗಳೂರು ಹೆದ್ದಾರಿ, ಬೇಸಿಗೆಯಲ್ಲಿ ಬಯಲುಸೀಮೆಯ ಕಾದ ರಸ್ತೆ. ಟಯರನ್ನು ಆ ತೊಂಬತ್ತೇಳಕ್ಕೆ ಆರಿಸಬೇಕು, ಮೂರನ್ನು ಟಯರಿನ ಗಾಳಿ ಇಳಿಸಿ ನಿಭಾಯಿಸಬೇಕು. ಜನ ಮಾಡುವುದು ಇದರ ಉಲ್ಟಾ.

ಮೊದಲು ಹಾಕಿದ್ದ ಎಂಟಿ ಸೆಟ್ ಕೆಸರಿನಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗುಂಬೆ ಘಾಟಿಯ ಒದ್ದೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಎಬಿಎಸ್ ಕುಟ್ಟುತ್ತಿತ್ತು, ಗಾಡಿ ನಿಲ್ಲುತ್ತಿರಲಿಲ್ಲ. ಕಾರಣ ಗೊತ್ತಿರುವುದೇ: ದೊಡ್ಡ ದೊಡ್ಡ ಬ್ಲಾಕು, ನಡುವೆ ಅಗಲ ಸಂದು, ಹಾಗಾಗಿ ರಸ್ತೆಗೆ ತಾಗುವ ರಬ್ಬರೇ ಕಡಿಮೆ. ಬ್ಲಾಕಿನ ಮೇಲೆ ಸಣ್ಣ ಸೀಳುಗಳೂ ಇಲ್ಲ, ನೀರಿನ ತೆಳು ಪದರವನ್ನು ಕತ್ತರಿಸುವವರೇ ಇಲ್ಲ. ಮೇಲಾಗಿ ಟಾರಿನ ಮೇಲೆ ಬ್ಲಾಕು ಅಲುಗಾಡಿ ಒಂದು ಅಂಚು ಮಾತ್ರ ಸವೆಯಿತು. ಅಂಗೈ ಆಡಿಸಿದರೆ ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸ. ಅರುವತ್ತು ಸಾವಿರಕ್ಕೂ ಮೇಲೆ ಸುರಿದ ಸೆಟ್ಟು ಇಪ್ಪತ್ತೇಳು ಸಾವಿರ ಕಿ.ಮೀ.ಗೆ ಮುಗಿಯಿತು.

ಆಮೇಲೆ ಬಂದ ಎಟಿ 255/65 ಆರ್17. ಇದರ ಎತ್ತರ 763 ಮಿ.ಮೀ., ಮೂಲ ಅಳತೆಯದು 737. ಮೂರೂವರೆ ಪರ್ಸೆಂಟ್ ವ್ಯತ್ಯಾಸ. ಸ್ಪೀಡೋಮೀಟರ್ ನೂರು ತೋರಿಸುವಾಗ ಮೊದಲಿನದಕ್ಕಿಂತ ಮೂರೂವರೆ ಕಿ.ಮೀ. ಜೋರು. ಗೇರು ಅಷ್ಟೇ ಎತ್ತರವಾದಂತೆ, ಆದ್ದರಿಂದ ಹುಲಿಕಲ್ ಘಾಟಿಯಲ್ಲಿ ಲೋಡ್ ಇಟ್ಟುಕೊಂಡು ನಿಂತು ಹೊರಟರೆ ಕ್ಲಚ್ಚಿನ ವಾಸನೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತಿತ್ತು. ಮೈಲೇಜು ಬಿತ್ತು ಎಂದು ದೂರುವವರು ಒಂದು ವಿಷಯ ಗಮನಿಸಬೇಕು: ಟಯರ್ ದೊಡ್ಡದಾದರೆ ಓಡೋಮೀಟರ್ ಕಡಿಮೆ ಓದುತ್ತದೆ, ಆ ಮೂರೂವರೆ ಪರ್ಸೆಂಟ್ ಸೇರಿಸಿದ ಮೇಲೆಯೇ ಮೈಲೇಜಿನ ಲೆಕ್ಕ ಹಾಕಬೇಕು. ಹಾಗೆ ಸೇರಿಸಿಯೂ ಹದಿಮೂರು ಇದ್ದದ್ದು ಹನ್ನೆರಡಕ್ಕೆ ಇಳಿದಿತ್ತು. ಡೀಸೆಲ್ ತೊಂಬತ್ತು ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 58 ಪೈಸೆ ನಷ್ಟ, ನಲವತ್ತು ಸಾವಿರಕ್ಕೆ 23 ಸಾವಿರ ರೂಪಾಯಿ. ಅಂದರೆ ಎರಡು ಹೊಸ ಟಯರಿನ ದುಡ್ಡು ಟ್ಯಾಂಕಿನಲ್ಲಿ ಹೋಯಿತು.

ಇನ್ನು ಅಗಲದ ವಿಷಯ. ನಮ್ಮ ಕಡೆಯ ಕೆಂಪು ಮಣ್ಣಿನ ದಾರಿಯಲ್ಲಿ ಮೇಲಿನ ಒಂದೆರಡು ಅಂಗುಲ ಜಾರು, ಅದರ ಕೆಳಗೆ ಜಂಬಿಟ್ಟಿಗೆಯ ಗಟ್ಟಿ. ಕಿರಿದಾದ ಟಯರ್ ಆ ಜಾರನ್ನು ಸೀಳಿಕೊಂಡು ಗಟ್ಟಿಗೆ ಹೋಗಿ ಕೂರುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ಅಗಲ 235ರಿಂದ 255 ಮಿ.ಮೀ.ಗೆ ಹೋದದ್ದರಿಂದ ಕೆಸರಿನಲ್ಲೂ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಅಳತೆ ಬದಲಿಸಬೇಡಿ. ಬಾಗಿಲಿನ ಕಂಬದ ಮೇಲಿನ ಪಟ್ಟಿಯಲ್ಲಿ ಏನಿದೆಯೋ ಅದೇ ಸರಿ.

ಈಗಿನ ಸೆಟ್ ಆರಿಸಿದ ರೀತಿ ಹೇಳುತ್ತೇನೆ. ಆಪ್ಟೆರಾ, ವಾಂಡರರ್, ಜಿಯೊಲ್ಯಾಂಡರ್, ಡ್ಯೂಲರ್, ರೇಂಜರ್ ಎಂಬ ಟಯರ್ ಹೆಸರುಗಳೆಲ್ಲದರಲ್ಲೂ ರಸ್ತೆಯ ಟಯರೂ ಇದೆ, ಎಟಿಯೂ ಇದೆ. ಹೆಸರು ಕೇಳಿ ಕೊಂಡರೆ ಏನು ಬರುತ್ತದೋ ಹೇಳಲಾಗದು, ಹೆಸರಿನ ಮುಂದಿನ ಅಕ್ಷರ ಓದಬೇಕು. ‘ಆಲ್ ಸೀಸನ್’ ಎಂದು ಹೇಳಿ ಕೊಡುವ ಟಯರಿನ ಮೇಲೆ ಸಾಮಾನ್ಯವಾಗಿ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಇರುತ್ತದೆ. ಅದು ಕಂಪನಿ ತಾನೇ ಹಾಕಿಕೊಳ್ಳುವ ಗುರುತು, ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಅಲ್ಲ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು ಇರುವ ಗುರುತಿಗೆ ಪರೀಕ್ಷೆ ಉಂಟು, ಆದರೆ ಅದು ಹಿಮದ ಪರೀಕ್ಷೆ. ಟೊರಾಂಟೊದಲ್ಲಿರುವವರಿಗೆ ಅದು ಬೇಕು. ಶಿವಮೊಗ್ಗದಲ್ಲಿ ಅದಕ್ಕಾಗಿ ಒಂದು ರೂಪಾಯಿಯೂ ಹೆಚ್ಚು ಕೊಡಬೇಕಿಲ್ಲ. ನಮ್ಮ ಸೀಸನ್ನುಗಳು ಮೂರು: ಮಳೆ, ಬಿಸಿಲು, ಧೂಳು.

ಅಂಗಡಿಯಲ್ಲಿ ಟಯರನ್ನು ನೆಲಕ್ಕೆ ಇಳಿಸಿಕೊಂಡು ನೋಡಬೇಕು. ಮೊದಲು ಲೋಡ್ ಅಂಕಿ: ನನ್ನ ಅಳತೆಗೆ 104, ಅಂದರೆ ಒಂದು ಟಯರಿಗೆ 900 ಕಿಲೋ. ಇದಕ್ಕಿಂತ ಕಡಿಮೆಯದನ್ನು ‘ಏನೂ ಆಗಲ್ಲ ಸಾರ್’ ಎಂದು ಕೊಡುತ್ತಾರೆ, ಬೇಡ. ಆಮೇಲೆ ‘ಡಿಒಟಿ’ ಸಾಲಿನ ಕೊನೆಯ ನಾಲ್ಕು ಅಂಕಿ: 2324 ಎಂದರೆ ಟಯರ್ ತಯಾರಾದದ್ದು 2024ನೇ ಇಸವಿಯ 23ನೇ ವಾರ. ಆರು ತಿಂಗಳು ದಾಟಿದ್ದರೆ ವಾಪಸ್ ಕಳಿಸಿ, ಇಲ್ಲವೇ ಬೆಲೆ ಇಳಿಸಿ. ಸೈಡ್‌ವಾಲಿನ (ಟಯರಿನ ಪಕ್ಕೆಯ) ಮೇಲೆ ಸಣ್ಣ ಅಕ್ಷರದಲ್ಲಿ ಎಷ್ಟು ಪದರ ಪಾಲಿಯೆಸ್ಟರ್, ಎಷ್ಟು ಸ್ಟೀಲ್, ಎಷ್ಟು ನೈಲಾನ್ ಎಂದು ಬರೆದಿರುತ್ತಾರೆ. ಸೈಡ್‌ವಾಲಿಗೆ ಎರಡು ಪದರ ಇರುವುದನ್ನೇ ತೆಗೆದುಕೊಂಡೆ. ಒಂದೇ ಪದರದ್ದು ತೋಟದ ಕಲ್ಲಿನ ಅಂಚಿಗೆ ತಾಗಿದರೆ ಉಬ್ಬು ಬರುತ್ತದೆ, ಉಬ್ಬು ಬಂದ ಟಯರಿಗೆ ರಿಪೇರಿ ಇಲ್ಲ.

ಎಲ್ಲಕ್ಕಿಂತ ಮುಖ್ಯ ಸಣ್ಣ ಸೀಳುಗಳ ಆಳ. ಒಂದು ವಿಸಿಟಿಂಗ್ ಕಾರ್ಡ್ ತೆಗೆದುಕೊಂಡು ಭುಜದ (ಟಯರಿನ ಹೊರ ಅಂಚಿನ) ಬ್ಲಾಕಿನ ಸೀಳಿಗೆ ತೂರಿಸಿ, ಉಗುರಿನಿಂದ ಗುರುತು ಮಾಡಿ ಹೊರಗೆಳೆಯಿರಿ. ಅದೇ ಕಾರ್ಡನ್ನು ಪಕ್ಕದ ದೊಡ್ಡ ಸಂದಿಗೆ ಇಟ್ಟು ಹೋಲಿಸಿ. ಕೆಲವು ಟಯರಿನಲ್ಲಿ ಸೀಳು ಅರ್ಧಕ್ಕೇ ನಿಲ್ಲುತ್ತದೆ. ಅಂಥದ್ದು ಮೊದಲ ಮಳೆಗಾಲದಲ್ಲಿ ಭೇಷ್ ಅನ್ನಿಸಿ ಎರಡನೆಯದರಲ್ಲಿ ಜಾರತೊಡಗುತ್ತದೆ. ಗ್ರಿಪ್ (ಟಯರಿನ ಮೇಲಿನ ಬ್ಲಾಕು) ಇನ್ನೂ ಇದೆಯಲ್ಲ ಎಂದು ಮಾಲೀಕ ತಲೆ ಕೆಡಿಸಿಕೊಳ್ಳುತ್ತಾನೆ. ಗ್ರಿಪ್ ಇದೆ, ಸೀಳು ಸವೆದುಹೋಗಿದೆ. ಮುಕ್ಕಾಲು ಆಳದವರೆಗಾದರೂ ಸೀಳು ಇಳಿದಿರಬೇಕು. ಇದರ ಜೊತೆಗೆ ಭುಜ ತೆರೆದಿರಬೇಕು, ಅಂದರೆ ಅಡ್ಡ ಸಂದುಗಳು ಹೊರ ಅಂಚಿನವರೆಗೂ ಹಾದುಹೋಗಿರಬೇಕು. ಕಾರಿನ ಟಯರಿನಂತೆ ಅಂಚು ಮುಚ್ಚಿದ್ದರೆ ಕೆಸರಿಗೆ ಹೊರಹೋಗುವ ದಾರಿ ಇಲ್ಲ. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟಯರ್ ಬೇಡ, ಎಡದ್ದನ್ನು ಬಲಕ್ಕೆ ಅಡ್ಡ ಬದಲಿಸಲು ಬರುವುದಿಲ್ಲ.

ಇನ್ನು ಗಾಳಿ. ಮಳೆಗಾಲದಲ್ಲಿ ಹಿಡಿತ ಬರಲಿ ಎಂದು ಗಾಳಿ ಕಡಿಮೆ ಮಾಡಿ ಹೆದ್ದಾರಿಗೆ ಇಳಿಯುವವರಿದ್ದಾರೆ, ಇದು ಅಪಾಯ. ನಾಸಾದವರು 1960ರ ದಶಕದಲ್ಲಿ ವಿಮಾನದ ಟಯರಿಗಾಗಿ ಕೊಟ್ಟ ಸೂತ್ರದ ಪ್ರಕಾರ ಟಯರ್ ನೀರಿನ ಮೇಲೆ ತೇಲತೊಡಗುವ ವೇಗ ಗಾಳಿಯ ಒತ್ತಡದ ವರ್ಗಮೂಲದ ಜೊತೆ ಏರುತ್ತದೆ. 33 ಪಿಎಸ್ಐಗೆ ಸುಮಾರು 95 ಕಿ.ಮೀ., 24ಕ್ಕೆ 81. ನಮ್ಮ ಟಯರಿಗೆ ಅಂಕಿ ಅದೇ ಆಗದಿದ್ದರೂ ದಿಕ್ಕು ಅದೇ. ಆದ್ದರಿಂದ ಟಾರಿನ ಮೇಲೆ ಬಾಗಿಲಿನ ಪಟ್ಟಿಯಲ್ಲಿದ್ದಷ್ಟು, ಉದ್ದ ಪ್ರಯಾಣವಿದ್ದರೆ ಎರಡು ಹೆಚ್ಚು. ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಬೇಕು. ಹವೆ ಐದಾರು ಡಿಗ್ರಿ ಏರಿದರೆ ಒಂದು ಪಿಎಸ್ಐ ಏರುತ್ತದೆ. ನೈಟ್ರೋಜನ್ನಿಗೆ ದುಡ್ಡು ಕೊಡುವ ಅಗತ್ಯ ನನಗಂತೂ ಕಂಡಿಲ್ಲ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದಿದೆ.

ಕೆಸರಿನ ದಾರಿಯ ಬಾಯಲ್ಲಿ ನಿಲ್ಲಿಸಿ ಗಾಳಿಯನ್ನು 20-22 ಪಿಎಸ್ಐಗೆ ಇಳಿಸುತ್ತೇನೆ. ಟಯರ್ ಉದ್ದಕ್ಕೆ ಚಾಚಿಕೊಂಡು ಹೆಚ್ಚು ಬ್ಲಾಕು ನೆಲ ಹಿಡಿಯುತ್ತವೆ. ವೇಗ 20 ಕಿ.ಮೀ. ದಾಟಬಾರದು, ಸ್ಟೀರಿಂಗ್ ಜಗ್ಗಿ ತಿರುಗಿಸಬಾರದು, ಇಲ್ಲವಾದರೆ ಬೀಡು (ಟಯರಿನ ಒಳ ಅಂಚು) ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಮುಂದಿಗಿಂತ ಹಿಂದಕ್ಕೆ ಎಷ್ಟು ಕಡಿಮೆ ಇಡುತ್ತೇನೆ ಎಂಬ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ಕೈಗೆ ಸಿಕ್ಕಿದ್ದು ಬಹಳ ಒದ್ದಾಡಿದ ಮೇಲೆ. ಒಂದು ಹಿಂಚಕ್ರ ಮಾತ್ರ ಗಿರಗಿರ ತಿರುಗಿದರೆ ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲು ಎಳೆದು ಮೆಲ್ಲಗೆ ಆಕ್ಸಿಲರೇಟರ್ ಕೊಡಿ, ಬಲ ಇನ್ನೊಂದು ಚಕ್ರಕ್ಕೆ ಹೋಗುತ್ತದೆ. ಟಾರು ಮುಟ್ಟುವ ಮೊದಲು ಗಾಳಿ ತುಂಬಲೇಬೇಕು. 12 ವೋಲ್ಟಿನ ಕಂಪ್ರೆಸರನ್ನು ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುವ ಸಾಧ್ಯತೆ ಇದೆ, ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ಕೊಳ್ಳಿ. ಮೂರು ಸಾವಿರದ ಸುತ್ತ ಬಿದ್ದಿತು, ಒಂದು ಚಕ್ರಕ್ಕೆ ನಾಲ್ಕೈದು ನಿಮಿಷ.

ಕೆಸರಿಗಿಂತ ಕಷ್ಟದ್ದು ಪಾಚಿ ಕಟ್ಟಿದ ಕಾಂಕ್ರೀಟ್ ಏರು. ಇಲ್ಲಿ ಎಟಿ, ಎಂಟಿ ಎರಡೂ ಜಾರಿದವು, ಏಕೆಂದರೆ ಬ್ಲಾಕು ಕಚ್ಚಿಕೊಳ್ಳಲು ಅಲ್ಲಿ ಏನೂ ಇಲ್ಲ, ಕೆಲಸ ಮಾಡುವುದು ರಬ್ಬರಿನ ಮೃದುತ್ವ ಮತ್ತು ಆ ಸೀಳುಗಳು. ಎಚ್‌ಟಿಯೇ ಇಲ್ಲಿ ಮೇಲು. 24ಕ್ಕೆ ಇಳಿಸಿ ಎರಡನೇ ಗೇರಿನಲ್ಲಿ, ನಡುವೆ ನಿಲ್ಲದೆ. ಬ್ಲೀಚಿಂಗ್ ಪೌಡರ್ ಕದಡಿ ಕಡ್ಡಿಪೊರಕೆಯಲ್ಲಿ ಉಜ್ಜಿದರೆ ಎರಡು ವಾರ ತಡೆಯುತ್ತದೆ. ಸುಣ್ಣ ಹಾಕಿ ನೋಡಿದ್ದೂ ಆಯಿತು, ಅದೇ ಮೆತ್ತಿಕೊಂಡು ಇನ್ನೂ ಜಾರು.

ಬೇರೆ ಪ್ರಯೋಗಗಳಲ್ಲಿ ಉಳಿದದ್ದು ಕಡಿಮೆ. ತೆಂಗಿನ ನಾರಿನ ಹಗ್ಗವನ್ನು ಅಲಾಯ್ ಚಕ್ರದ ಕಡ್ಡಿಗಳ ನಡುವೆ ಸುತ್ತಿದರೆ ನೂರು ಮೀಟರ್ ಅದ್ಭುತ ಹಿಡಿತ, ಆಮೇಲೆ ಹರಿದು ಬ್ರೇಕ್ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಬ್ಲೇಡ್ ಕಾಯಿಸಿ ಹಳೇ ಟಯರಿಗೆ ಸೀಳು ಹಾಕಿದ್ದು ಜಲ್ಲಿ ರಸ್ತೆಯಲ್ಲಿ ತುಂಡು ತುಂಡಾಗಿ ಕಿತ್ತುಬಂತು. ರೀಟ್ರೆಡ್ ಮಾಡಿಸಿದ ಬಟನ್ ಟಯರ್ ಅರ್ಧ ಬೆಲೆಗೂ ಕಡಿಮೆ, ಚಿತ್ರದುರ್ಗದ ಬಿಸಿಲಿನಲ್ಲಿ ಅಂಚು ಎದ್ದಿತು. ಹಿಂದೆ ನೂರು ಕಿಲೋ ಗೊಬ್ಬರದ ಚೀಲ ಇಟ್ಟದ್ದು ಮಾತ್ರ ಈಗಲೂ ನಡೆಯುತ್ತಿದೆ, ಆಕ್ಸಲ್ಲಿನ ನೇರ ಮೇಲೆ ಬರಬೇಕು.

ದುಡ್ಡಿನ ಮಾತು: ಎಚ್‌ಟಿ ಒಂದಕ್ಕೆ ಹನ್ನೊಂದೂವರೆ ಸಾವಿರದಂತೆ 46 ಸಾವಿರ. ಕಾನೂನಿಗೆ 1.6 ಮಿ.ಮೀ. ಸಾಕು, ನಾನು ಮೂರಕ್ಕೇ ತೆಗೆಯುತ್ತೇನೆ. ಹಾಗೆ ತೆಗೆದರೂ 49 ಸಾವಿರ ಕಿ.ಮೀ. ಬರುತ್ತದೆ, ಕಿಲೋಮೀಟರಿಗೆ 94 ಪೈಸೆ. ಎಟಿ ಒಂದೂವರೆ ರೂಪಾಯಿ ಬಿದ್ದಿತ್ತು, ಎಂಟಿ ಎರಡೂಕಾಲು ದಾಟಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ಕೇಳಿ ನೋಡಿ. ಎಂಟು ಸಾವಿರ ಕಿ.ಮೀ.ಗೊಮ್ಮೆ ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡಲಾಗಿ ಹಿಂದಕ್ಕೆ. ಎರಡೇ ಹೊಸದು ಹಾಕುವುದಾದರೆ ಹಿಂದಕ್ಕೇ ಹಾಕಿ, ಅಂಗಡಿಯವರು ಮುಂದಕ್ಕೆ ಎಂದರೂ ಒಪ್ಪಬೇಡಿ. ಒದ್ದೆಯಲ್ಲಿ ಹಿಂಭಾಗ ಮೊದಲು ಜಾರಿದರೆ ಗಾಡಿ ಅಡ್ಡ ತಿರುಗುತ್ತದೆ.

ಗದಗ, ವಿಜಯಪುರ ಕಡೆಯ ಎರೆಮಣ್ಣಿಗೆ ಮಾತ್ರ ಈ ಕ್ರಮ ಹೊಂದುವುದಿಲ್ಲ. ಅಲ್ಲಿ ಮಣ್ಣು ಚಪಾತಿ ಹಿಟ್ಟಿನ ಹಾಗೆ ಸಂದುಗಳಿಗೆ ಮೆತ್ತಿ ಟಯರನ್ನೇ ನುಣ್ಣಗೆ ಮಾಡುತ್ತದೆ, ಗಾಳಿ ಇಳಿಸಿದರೆ ಇನ್ನೂ ಹೆಚ್ಚು ಹತ್ತಿಕೊಳ್ಳುತ್ತದೆ. ಎಂಟಿ ಕೂಡ ಅಲ್ಲಿ ಸ್ವಲ್ಪ ದೂರ ಹೋಗಿ ನಿಂತದ್ದನ್ನು ನೋಡಿದ್ದೇನೆ. ಮಳೆ ನಿಂತು ಮೇಲ್ಪದರ ಒಣಗುವವರೆಗೆ ಗಾಡಿಯನ್ನು ಟಾರಿನ ಮೇಲೆಯೇ ಬಿಡಬೇಕು.