ನಾಯಿ ಇದ್ದವರು ಮಣೂಕದ ಡಬ್ಬಿ ಎತ್ತಿಡಿ
ವಿಜಯಪುರದ ತಿಕೋಟಾ ಕಡೆಯಿಂದ ಮನೆಗೆ ಮಣೂಕ, ಅಂದರೆ ಒಣದ್ರಾಕ್ಷಿ, ಬಂದಿದೆಯಾ? ನಾಯಿಗೆ ಎಟುಕದಂತೆ ಇಡಿ. ಹೋದ ವರ್ಷ ನಮ್ಮ ರಾಜಾ ಒಂದು ಹಿಡಿ ತಿಂದು ರಾತ್ರಿಯೆಲ್ಲ ವಾಂತಿ ಮಾಡಿದ. ನಾನು ಸುಮ್ನೆ ಅಜೀರ್ಣ ಅಂದುಕೊಂಡು ಮಜ್ಜಿಗೆ ಅನ್ನ ಹಾಕಿದ್ದೆ, ದಡ್ಡತನ ನೋಡಿ! ಹಸಿ ದ್ರಾಕ್ಷಿಯೂ ನಾಯಿಗೆ ವಿಷವೇ, ಒಣಗಿದ್ದು ಇನ್ನೂ ಜಾಸ್ತಿ. ವಾಂತಿ ನಿಂತರೂ 1ರಿಂದ 3 ದಿನದಲ್ಲಿ ಕಿಡ್ನಿ ಕೈಕೊಡಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲ. ಒಂದು ನಾಯಿಗೆ ಏನೂ ಆಗುವುದಿಲ್ಲ, ಇನ್ನೊಂದು ನಾಯಿಗೆ ನಾಲ್ಕು ಕಾಳು ಸಾಕು. ಉಂಡಿ, ಶಿರಾದಲ್ಲಿ ಹಾಕಿದ್ದೂ ಸೇರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದೇ ಬೇರೆ ಅಪಾಯ. ತಿಂದದ್ದು ಗೊತ್ತಾದ ಕೂಡಲೇ ಪಶುವೈದ್ಯರ ಹತ್ತಿರ ಓಡಿ. ಎರಡು ತಾಸಿನೊಳಗೆ ಹೋದರೆ ಅವರೇ ಹೊಟ್ಟೆ ಖಾಲಿ ಮಾಡಿಸುತ್ತಾರೆ.