ಮುಳ್ಳು ಇಳಿಸುವ ಮುನ್ನ ಮೆನು ನೋಡಿ

ಹಳೆಯ ರೆಕಾರ್ಡು, ಕ್ಯಾಸೆಟ್ಟುಗಳ ಹಾಡನ್ನು ಡಿಜಿಟಲ್ ಫೈಲಿಗೆ ಇಳಿಸುತ್ತಿದ್ದೇನೆ. ಮೊದಲು ಮುಗಿಸಿದ 22 ರೆಕಾರ್ಡುಗಳಲ್ಲಿ 21ನ್ನು ಎರಡನೇ ಸಲ ಮಾಡಬೇಕಾಯಿತು. ತಪ್ಪು ನನ್ನದೇ. ಹಿಂದೊಮ್ಮೆ ಬಯಲಲ್ಲಿ ಮಾತು ರೆಕಾರ್ಡ್ ಮಾಡುವಾಗ ಗಾಳಿಯ ಸದ್ದು ತಡೆಯಲು ರೆಕಾರ್ಡರ್‌ನಲ್ಲಿ ತಳದ ಸ್ವರ ಕತ್ತರಿಸುವ ಲೋ ಕಟ್ ಫಿಲ್ಟರ್ ಹಾಕಿದ್ದೆ, ತೆಗೆಯಲು ಮರೆತಿದ್ದೆ. ಮೂರು ವಾರದ ಕೆಲಸವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ದನಿ ಇದೆ, ತಂತಿ ಇದೆ, ತಳದ ಗುಂಯ್ ಮಾತ್ರ ಇಲ್ಲ.

ಹಾಗಾಗಿ ಮೊದಲ ಕೆಲಸ ರೆಕಾರ್ಡರ್‌ನ ಮೆನುವಿನಲ್ಲಿ. ಲೋ ಕಟ್, ಜೋರು ದನಿಗೆ ಮಿತಿ ಹಾಕುವ ಲಿಮಿಟರ್, ಲೆವೆಲ್ ತಾನೇ ಏರಿಳಿಸುವ ಆಟೋ ಗೇನ್ ಮೂರನ್ನೂ ಆಫ್ ಮಾಡಿ. ಇವುಗಳಲ್ಲಿ ಆಟೋ ಗೇನ್ ಮಹಾ ಕಿಡಿಗೇಡಿ. ಮೆಲ್ಲಗೆ ಹಾಡಿದ್ದನ್ನು ಎತ್ತುತ್ತದೆ, ಏರಿದ್ದನ್ನು ಅದುಮುತ್ತದೆ, ಎರಡು ಹಾಡುಗಳ ನಡುವಿನ ಮೌನದಲ್ಲಿ ಕರಕರವನ್ನು ಮಳೆಯಂತೆ ಸುರಿಸುತ್ತದೆ.

ಆಮೇಲೆ ವೈರು. ಟರ್ನ್‌ಟೇಬಲ್‌ನ ಮುಳ್ಳು ಕೂತ ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದೂ ತಳದ ಸ್ವರ ತಗ್ಗಿಸಿ, ಮೇಲಿನ ಸ್ವರ ಹಿಗ್ಗಿಸಿ ಕೆತ್ತಿದ ರೂಪದಲ್ಲಿ ಬರುತ್ತದೆ. ಅದನ್ನು ಸರಿಗೆ ತರುವುದು ಫೋನೋ ಪ್ರೀಆಂಪ್‌ನ ಕೆಲಸ. ಅದಿಲ್ಲದೆ ನೇರ ಜೋಡಿಸಿದರೆ ಹಾಡು ತಗಡಿನ ಡಬ್ಬಿಯೊಳಗಿಂದ ಬಂದಂತಿರುತ್ತದೆ. ಆಂಪ್ಲಿಫೈಯರ್ ಇದ್ದರೆ ಹೆಡ್‌ಫೋನ್ ತೂತು ಬಿಟ್ಟು, ಹಿಂಬದಿಯ ಟೇಪ್ ಔಟ್‌ನಿಂದ ತೆಗೆದು ರೆಕಾರ್ಡರ್‌ನ ಲೈನ್ ಇನ್‌ಗೆ ಕೊಡಿ. ಮೈಕ್ ಇನ್‌ಗೆ ಬೇಡ, ದನಿ ಒಡೆದುಹೋಗುತ್ತದೆ. ಒಂದೇ ಸಮನೆ ಹೂಂ ಎನ್ನುತ್ತಿದ್ದರೆ ಟರ್ನ್‌ಟೇಬಲ್‌ನ ಗ್ರೌಂಡ್ ವೈರು ಸಡಿಲವಾಗಿದೆಯೇ ನೋಡಿ.

ನನ್ನ ಸೆಟ್ಟಿಂಗ್ 24 ಬಿಟ್ (ದನಿಯ ಪ್ರತಿ ಅಳತೆಯ ಸೂಕ್ಷ್ಮತೆ), 96 ಕಿಲೋಹರ್ಟ್ಸ್ (ಸೆಕೆಂಡಿಗೆ 96 ಸಾವಿರ ಅಳತೆ). 192 ಅಂಕಿ ಕಂಡು ಮರುಳಾಗಬೇಡಿ. ಫೈಲು ಇಮ್ಮಡಿಯಾಗುತ್ತದೆ, ನನ್ನ ಕಿವಿಗೆ ಮಾತ್ರ ಏನೂ ಹೆಚ್ಚಾಗಿ ಸಿಗಲಿಲ್ಲ. 96ರಲ್ಲೇ ನಿಮಿಷಕ್ಕೆ ಸುಮಾರು 35 ಎಂಬಿ, 40 ನಿಮಿಷದ ಎಲ್‌ಪಿಗೆ 1.4 ಜಿಬಿ ಹತ್ತಿರ ಬರುತ್ತದೆ. ನಿಜವಾದ ಲಾಭ 24 ಬಿಟ್‌ನದು: ಲೆವೆಲ್ ತಗ್ಗಿಸಿಟ್ಟರೂ ನಷ್ಟವಿಲ್ಲ. ಅತಿ ಜೋರಾದ ಭಾಗ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಇಡುತ್ತೇನೆ. ಮೀಟರಿನ ತುತ್ತತುದಿಯಾದ ಸೊನ್ನೆ ಮುಟ್ಟಿದರೆ ಕತೆ ಮುಗಿಯಿತು, ಆ ಬಿರುಕನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು.

ಆದರೆ ಈ ಅಂಕಿಗಳಿಗಿಂತ ಹೆಚ್ಚಿನದನ್ನು ನೀರು ಮತ್ತು ಬ್ರಷ್ಷು ಮಾಡುತ್ತವೆ. ಪ್ರತಿ ಬದಿಗೂ ಮೊದಲು ಮುಳ್ಳನ್ನು ಸಣ್ಣ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರುತ್ತೇನೆ. ಅಡ್ಡ ಎಳೆದರೆ ಮುಳ್ಳು ಹಿಡಿದ ಕಡ್ಡಿಯೇ ಬಾಗಬಹುದು. ತಟ್ಟೆಗೆ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಮೃದು ಸೋಪು. ಗೆರೆಗಳ ಸುತ್ತಿಗೇ ಒರೆಸಿ, ಲೇಬಲ್ ನೆನೆಸದೆ ತೊಳೆದು, ಪೂರ್ತಿ ಒಣಗಿಸಿ. ಹಳೆಯ 78 ಆರ್‌ಪಿಎಂ ತಟ್ಟೆಗಳಿಗೆ ಆಲ್ಕೋಹಾಲ್ ತಾಗಿಸಲೇಬೇಡಿ, ಶೆಲ್ಯಾಕ್ ಕರಗುತ್ತದೆ. ಅವುಗಳ ಗೆರೆ ಅಗಲ, ಬೇರೆ ದಪ್ಪ ಮುಳ್ಳೇ ಬೇಕು. ಎಲ್‌ಪಿ ಮುಳ್ಳು ಗೆರೆಯ ತಳ ಕೆರೆಯುತ್ತಾ ಹೋಗಿ ಸರಸರವೇ ಹೆಚ್ಚು ಕೇಳಿಸುತ್ತದೆ.

ಕ್ಯಾಸೆಟ್ಟಿಗೆ ಮೊದಲು ಪ್ಲೇಯರಿನ ಹೆಡ್ಡನ್ನು, ಅಂದರೆ ಟೇಪು ಓದುವ ಭಾಗವನ್ನು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಟೇಪನ್ನು ಒಮ್ಮೆ ಕೊನೆವರೆಗೆ ಓಡಿಸಿ ಮತ್ತೆ ಸುತ್ತಿ, ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ದನಿ ಕಂಬಳಿಯೊಳಗಿಂದ ಬಂದಂತಿದ್ದರೆ ಮುಕ್ಕಾಲು ಪಾಲು ಹೆಡ್ಡಿನ ಓರೆಯೇ ಕಾರಣ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು, ಮೋನೋದಲ್ಲಿ ಕೇಳುತ್ತಾ, ಕೂದಲೆಳೆಯಷ್ಟು ತಿರುಗಿಸಿ. ಒಂದು ಹಂತದಲ್ಲಿ ತಾಳದ ಚಿಣ್ ಥಟ್ಟನೆ ತೆರೆದುಕೊಳ್ಳುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಸುಖದ ಕ್ಷಣ ಅದು. ಟೇಪಿನ ಸರಸರ ತಗ್ಗಿಸುವ ಡಾಲ್ಬಿಯನ್ನು ಮಾತ್ರ ಡಾಲ್ಬಿಯಲ್ಲಿ ರೆಕಾರ್ಡಾದ ಟೇಪಿಗಷ್ಟೇ ಹಾಕಿ.

ಒಂದು ಬದಿಗೆ ಒಂದು ಫೈಲು. ಹಾಡು ಹಾಡಾಗಿ ಕತ್ತರಿಸುವುದು ಆಮೇಲೆ, ಕಂಪ್ಯೂಟರಿನಲ್ಲಿ. ಮುಳ್ಳು ಇಳಿದು ಹಾಡು ಶುರುವಾಗುವವರೆಗಿನ ಬರೀ ಗೆರೆಯ ಸದ್ದನ್ನೂ ಉಳಿಸಿಕೊಳ್ಳಿ, ಮುಂದೆ ನಾಯ್ಸ್ ಕಡಿಮೆ ಮಾಡುವ ಸಾಫ್ಟ್‌ವೇರ್‌ಗೆ ಮಾದರಿಯಾಗಿ ಬೇಕಾಗುತ್ತದೆ. ಮೂಲ ವೇವ್ ಫೈಲನ್ನು ಮುಟ್ಟದೆ ಎರಡು ಡಿಸ್ಕಿನಲ್ಲಿಟ್ಟು, ಟಿಕ್ ಟಿಕ್ ತೆಗೆಯುವ ಪ್ರಯೋಗಗಳನ್ನೆಲ್ಲ ಪ್ರತಿಯ ಮೇಲೆ ಮಾಡಿ. ಕೇಳಲು ಫ್ಲ್ಯಾಕ್ ಸಾಕು, ಗುಣ ಒಂದಿಷ್ಟೂ ಕಳೆಯದೆ ಫೈಲು ಚಿಕ್ಕದಾಗುತ್ತದೆ. ಜೊತೆಗೆ ಲೇಬಲ್ಲಿನ ಫೋಟೋ, ಒಳಗಿನ ಖಾಲಿ ಗೆರೆಯ ಪಕ್ಕ ಕೊರೆದ ನಂಬರು.

ಆ ಇಪ್ಪತ್ತೆರಡನೆಯದು 78ರ ತಟ್ಟೆ. ಎರಡನೇ ಸಲ ತೊಳೆದು ಒರೆಸುವಾಗ ಕೈಜಾರಿ ಮೂರು ಚೂರಾಯಿತು. ಅದರದ್ದು ಗುಂಯ್ ಇಲ್ಲದ ಆ ಫೈಲೇ ನನ್ನ ಬಳಿ ಉಳಿದಿದೆ, ಹೆಸರಿನ ಮುಂದೆ ‘ಲೋ ಕಟ್’ ಎಂದು ಬರೆದಿಟ್ಟಿದ್ದೇನೆ.