ಮೈಲುತುತ್ತದಲ್ಲಿ ನೀರೆಷ್ಟು? ನಾನು ಕಾಯಿಸಿ ಲೆಕ್ಕ ಹಾಕುವ ರೀತಿ

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್‌ನ ನೀಲಿ ಹರಳು. ಅದರ ಸ್ಫಟಿಕ ಜಲ, ಅಂದರೆ ಹರಳಿನೊಳಗೇ ಸೇರಿಕೊಂಡ ನೀರನ್ನು ಕಂಡುಹಿಡಿಯಲು ಬೇಕಾದ ತೂಕ ಮೂರೇ: ಖಾಲಿ ಮೂಸೆ, ಹರಳು ಹಾಕಿದ ಮೂಸೆ, ಕಾಯಿಸಿ ಆರಿಸಿದ ಮೂಸೆ. ಖಾಲಿ ಮೂಸೆಯನ್ನೂ ನಾನು ಮೊದಲು ಚೆನ್ನಾಗಿ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತುವಿಟ್ಟ ಮುಚ್ಚಿದ ಪಾತ್ರೆ) ಆರಿಸಿಯೇ ತೂಗುತ್ತೇನೆ. ಇಲ್ಲದಿದ್ದರೆ ಮೂಸೆಗೆ ಅಂಟಿದ ತೇವವೂ ಲವಣದ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಸುಮಾರು 2.5 ಗ್ರಾಂ ಹರಳನ್ನು ಪುಡಿ ಮಾಡಿ ಹಾಕಿ, ಮುಚ್ಚಳ ಓರೆಯಾಗಿಟ್ಟು, ಸಣ್ಣ ಉರಿಯಲ್ಲಿ ಶುರು ಮಾಡುತ್ತೇನೆ. ಒಮ್ಮೆಲೇ ಉರಿ ಏರಿಸಿದರೆ ಪುಡಿ ಸಿಡಿಯುತ್ತದೆ, ಹೊರಗೆ ಹಾರಿದ ಲವಣವೂ ನೀರೆಂದೇ ಲೆಕ್ಕವಾಗುತ್ತದೆ. ನೀಲಿ ಹೋಗಿ ಬೂದುಬಿಳಿ ಬಂದ ಮೇಲೂ ಇನ್ನಷ್ಟು ಹೊತ್ತು ಕಾಯಿಸಬೇಕು. ಲವಣದ ಪ್ರತಿ ಘಟಕಕ್ಕಿರುವ ಐದು ನೀರಿನ ಅಣುಗಳಲ್ಲಿ ನಾಲ್ಕು ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೇ ಬಿಟ್ಟುಹೋಗುತ್ತವೆ, ಐದನೆಯದಕ್ಕೆ 200 ದಾಟಬೇಕು. ಅಂಚು ಕಪ್ಪಾದರೆ ಉರಿ ಅತಿಯಾಯಿತು, ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ ಎಂದರ್ಥ. ಆ ಮಾದರಿಯನ್ನು ಬಿಟ್ಟು ಹೊಸದಾಗಿ ಶುರು ಮಾಡುವುದೇ ಸರಿ.

ಬಿಸಿ ಮೂಸೆಯನ್ನು ತೂಗಲೇಬಾರದು. ಮೇಲೇಳುವ ಬಿಸಿಗಾಳಿಯಿಂದ ತೂಕ ಕಡಿಮೆ ತೋರುತ್ತದೆ. ಬಯಲಲ್ಲಿ ಆರಲು ಬಿಟ್ಟರೆ ನಿರ್ಜಲ ಲವಣ ಗಾಳಿಯ ತೇವ ಹೀರಿ ಮತ್ತೆ ನೀಲಿಗೆ ತಿರುಗುತ್ತದೆ. ಹಾಗಾಗಿ ಆರಿಸುವುದು ಡೆಸಿಕೇಟರಿನಲ್ಲೇ.

ಒಂದು ಲೆಕ್ಕ ನೋಡಿ. ಖಾಲಿ ಮೂಸೆ 21.346 ಗ್ರಾಂ, ಹರಳಿನೊಂದಿಗೆ 23.848. ಕಾಯಿಸಿದ ಮೇಲೆ 22.962, ಮತ್ತೆ ಕಾಯಿಸಿದಾಗ 22.947, ಮೂರನೆಯ ಸಲ 22.946. ಇನ್ನು ಇಳಿಯುತ್ತಿಲ್ಲ, ಅಲ್ಲಿಗೆ ನಿಲ್ಲಿಸಬಹುದು. ಹೋದ ನೀರು 0.902 ಗ್ರಾಂ, ಉಳಿದ ಲವಣ 1.600 ಗ್ರಾಂ. 0.902 ಅನ್ನು ನೀರಿನ ಒಂದು ಮೋಲ್‌ನ (ಕಣಗಳ ಎಣಿಕೆಯ ಅಳತೆ) ತೂಕ 18.02ರಿಂದ ಭಾಗಿಸಿದರೆ 0.05006 ಮೋಲ್, 1.600 ಅನ್ನು ನೀರಿಲ್ಲದ ಲವಣದ ಒಂದು ಮೋಲ್‌ನ ತೂಕ 159.6ರಿಂದ ಭಾಗಿಸಿದರೆ 0.01003 ಮೋಲ್. ನೀರಿಗೂ ಲವಣಕ್ಕೂ ಇರುವ ಅನುಪಾತ 4.99, ಅಂದರೆ ಲವಣದ ಒಂದು ಘಟಕಕ್ಕೆ 5 ನೀರು. ಶೇಕಡಾವಾರು ಬೇಕಿದ್ದರೆ ನೀರನ್ನು ಮೂಲ ಹರಳಿನ 2.502 ಗ್ರಾಂನಿಂದ ಭಾಗಿಸಬೇಕು, ಉಳಿದ ಪುಡಿಯ ತೂಕದಿಂದಲ್ಲ: 36.05. ಸೂತ್ರದ ಪ್ರಕಾರ ಬರಬೇಕಾದದ್ದು 36.08.

ಅನುಪಾತ 5ರ ಬದಲು 3.6ರ ಹತ್ತಿರ ಬಂದರೆ ನನ್ನ ಅನುಮಾನ ಮೊದಲು ಹೋಗುವುದು ಆ ಐದನೆಯ ಅಣುವಿನ ಕಡೆಗೆ. ನಾಲ್ಕು ಹೋಗಿ ಒಂದು ಉಳಿದರೆ 4 ಬರಬೇಕಲ್ಲವೇ ಎನಿಸಬಹುದು. ಆದರೆ ಉಳಿದ ನೀರು ಲವಣದ ತೂಕಕ್ಕೆ ಸೇರಿ ಛೇದವನ್ನೂ ಹಿಗ್ಗಿಸುವುದರಿಂದ 3.59ಕ್ಕೆ ಇಳಿಯುತ್ತದೆ. 5 ದಾಟಿದರೆ ಹರಳು ಮೊದಲೇ ಒದ್ದೆಯಾಗಿತ್ತು, ಸಿಡಿದಿತ್ತು, ಇಲ್ಲವೇ ಕಪ್ಪಾಗಿತ್ತು.

ಇದೇ ಕ್ರಮ ಬೇರಿಯಂ ಕ್ಲೋರೈಡ್‌ನ ಎರಡು ನೀರಿಗೂ ಚೆನ್ನಾಗಿ ಹೊಂದುತ್ತದೆ. ಮೆಗ್ನೀಸಿಯಂ ಕ್ಲೋರೈಡ್‌ಗೆ ಮಾತ್ರ ಬೇಡ: ಕಾಯಿಸಿದಾಗ ನೀರಿನ ಜೊತೆ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಹೊರಬಿದ್ದು, ಕಳೆದ ತೂಕವೆಲ್ಲ ನೀರಾಗಿರುವುದಿಲ್ಲ.